ಎರಡನೇ ಗೇರು

ಈ ಕಣಿವೆ ಬಲು ಚೆಲುವು ಅಂತಾರೆ. ಇರಬಹುದು.
ಹತ್ತೊಂಬತ್ತು ವರ್ಷದಿಂದ ನನಗೆ ಗೊತ್ತಿರುವುದು
ಅದರ ಅಂಚು ಮಾತ್ರ:
ಎಲ್ಲಿ ಟಾರು ಕಿತ್ತಿದೆ, ಎಲ್ಲಿ ಒದ್ದೆ ಎಲೆ ಹಾಸಿ
ಸೋಪಿನ ಹಾಗೆ ಜಾರುತ್ತದೆ,
ಯಾವ ತಿರುವಿನಾಚೆ ದನ ಮಲಗಿರುತ್ತವೆ
ಏನು ಮಾಡಿದರೂ ಏಳದೆ.

ಶರತ್ಕಾಲ ನನಗೆ ಕಣ್ಣಿಗಿಂತ ಮೊದಲು
ತಗಡಿಗೆ ಬರುತ್ತದೆ.
ಟಪ್, ಟಪ್, ಅಕ್ರೋಟುಗಳು
ವ್ಯಾನಿನ ನೆತ್ತಿಗೆ ಮೊಟಕುತ್ತವೆ.
ಆಮೇಲೆ ಮೂಗಿಗೆ: ಹಿಂಡಿದ ದ್ರಾಕ್ಷಿಸಿಪ್ಪೆ ಹುಳಿಯುವ ವಾಸನೆ
ಹಿತ್ತಿಲು ಹಿತ್ತಿಲಿಂದ ಇಳಿದು ಕಿಟಕಿಯಲ್ಲಿ ತೂರುತ್ತದೆ
ಉಂಡೆದ್ದ ನೆಂಟನ ತೇಗಿನಂತೆ.

ಕುತಾಯಿಸಿಯಲ್ಲಿ ಎಂಟೂಕಾಲಿಗೆ ತುಂಬಿಸಿಕೊಂಡೆ:
ಚೀಲದಲ್ಲಿ ಒಂದು ಹುಂಜ, ಅದರ ಒಡೆಯ,
ಸೈನ್ಯದಿಂದ ರಜೆಗೆ ಹೊರಟ ಮಾಲ್ಖಾಜ್,
ಯಾವುದೋ ದೂರದೇಶದ ಜೋಡಿ,
ಕಡೆಗೆ ತ್ಸಿಯಾಲ, ಎರಡು ಸೀಟಿನ ದುಡ್ಡು ಕೊಟ್ಟು.
ಒಂದರಲ್ಲಿ ತಾನು, ಒಂದರಲ್ಲಿ
ಕಂಬಳಿ ಸುತ್ತಿದ ಬೀರುವಿನ ಕನ್ನಡಿ.
‘ಮೆತ್ತಗೆ ಹೋಗು ಜೆಮಾಲ್, ಒಳಗೆ ಕೂಸಿದೆ ಅಂತ ತಿಳಿ.’

ರಿಯೋನಿ ಹೊಳೆ ನಮ್ಮೆದುರಿಂದ ಇಳಿಯುತ್ತಿತ್ತು.
ಹಿಂದಿನ ಸೀಟಿನ ಜೋಡಿ ತಿರುವಿಗೊಂದು ಆಹಾ.
ಅವರ ಆಹಾ ಕೇಳಿಯೇ ನನ್ನ ಲೆಕ್ಕ:
ಚಿಕ್ಕದಾದರೆ ಬೀಚ್ ಮರ ಹಳದಿಗೆ ತಿರುಗಿದೆ,
ಉದ್ದವಾದರೆ ಇಡೀ ಗುಡ್ಡಕ್ಕೆ ಹತ್ತಿಕೊಂಡಿದೆ,
ಏನೂ ಕೇಳದಿದ್ದರೆ ಮಂಜು.

ತ್ವಿಶಿ ದಾಟಿದ ಮೇಲೆ ಗುಡ್ಡ ರಸ್ತೆಗೆ ಉಗುಳಿತ್ತು,
ಎಮ್ಮೆಗಾತ್ರದ ಮೂರು ಕಲ್ಲು, ಬೇರುಸಮೇತ ಒಂದು ಮರ.
ಲೋಡರು ಅಲ್ಪಾನದಿಂದ ಬರಬೇಕು,
ಅದರ ಚಾಲಕ ಇನ್ನೂ ಹಾಸಿಗೆ ಬಿಟ್ಟಿಲ್ಲವಂತೆ.
ಎಲ್ಲರೂ ಇಳಿದರು. ರೊಟ್ಟಿ ಇಳಿಯಿತು, ಗಿಣ್ಣು ಇಳಿಯಿತು,
ಯಾರದೋ ಕಂಕುಳಿಂದ ಹೊಸ ವೈನಿನ ಬಾಟಲಿ,
ಇನ್ನೂ ಗುಳುಗುಳು ಅನ್ನುತ್ತಿದ್ದದ್ದು.
ನನಗಿಲ್ಲ ಅಂದೆ, ನನ್ನದು ಸ್ಟೀರಿಂಗು.
ಹುಂಜ ಮಾತ್ರ ಚೀಲದೊಳಗೆ ಇದೇ ಬೆಳಗೆಂದು ಕೂಗಿತು.

ಬಿರುಕು ಬಿಟ್ಟಿತೋ ಏನೋ ಅಂತ ತ್ಸಿಯಾಲ
ಕಂಬಳಿ ಬಿಚ್ಚಿ ಕನ್ನಡಿಯನ್ನು ಮುಂದಿನ ಚಕ್ರಕ್ಕೆ ಒರಗಿಸಿದಳು.
ಗಾಳಿ ಎಷ್ಟಿದೆ ನೋಡೋಣ ಅಂತ ಬಗ್ಗಿದವನು
ಬಗ್ಗಿದ ಹಾಗೇ ನಿಂತೆ.
ನನ್ನ ನರೆತ ಗಡ್ಡ. ಅದರ ಹಿಂದೆ,
ನಾನು ಹತ್ತೊಂಬತ್ತು ವರ್ಷ ಬೆನ್ನು ಹಾಕಿ ಬಂದದ್ದೆಲ್ಲ:
ಇಟ್ಟಿಗೆಬಣ್ಣದ ಕಾಡು, ನಡುವೆ
ಆರಿಸದೇ ಮರೆತ ದೀಪಗಳ ಹಾಗೆ ಪರ್ಸಿಮನ್ ಹಣ್ಣು,
ಎಲ್ಲಕ್ಕೂ ಕೆಳಗೆ ಆ ಹೊಳೆ,
ಹಸಿರೂ ಅಲ್ಲದ ಬೂದಿಯೂ ಅಲ್ಲದ.
ನನ್ನ ಬಾಯಿಂದ ಆಹಾ ಬರಲಿಲ್ಲ.
ಟೈರಿನ ಗಾಳಿ ಸರಿಯಿತ್ತು.

‘ಯಾರಿಗೆ ಇಷ್ಟು ದೊಡ್ಡ ಕನ್ನಡಿ?’
ಅಕ್ಕನಿಗಂತೆ. ಲಮಾರ. ಸೊಂಟ ಮುರಿದು ಮಲಗಿ ಎರಡು ಚಳಿಗಾಲ.
ಮಂಚ ತಿರುಗಿಸೋಣವೆಂದರೆ ಜಾಗವಿಲ್ಲ,
ಕಿಟಕಿಯೋ ತಲೆಯ ಹಿಂದೆ.
‘ಎದುರು ಗೋಡೆಗೆ ಹೊಡೆದರೆ ರಸ್ತೆ ಕಾಣುತ್ತೆ,
ಹೊಳೆಯೂ ಒಂದು ಗೇಣು.
ನೀನು ಹಾದುಹೋಗುವಾಗ ಹಾರ್ನ್ ಹೊಡಿ,
ಗಾಜಿನೊಳಗೆ ಹರಿದ ಬಿಳಿ ಹುಳು
ನೀನೇ ಅಂತ ಅವಳಿಗೆ ಗೊತ್ತಾಗಲಿ.’

ಲೋಡರು ಬಂತು, ಹನ್ನೊಂದೂವರೆಗೆ, ಆಕಳಿಸುತ್ತಾ.
ಅಂಬ್ರೊಲಾವುರಿ ಮುಟ್ಟಿದಾಗ ಎರಡು ದಾಟಿತ್ತು.
ಜನ ಬೈದರು. ಬೈಯಲಿ.

ಈಗ ದಿನಾ ಆ ಮನೆಯ ಕೆಳಗೆ
ರಸ್ತೆ ಹಪ್ಪಳದಷ್ಟು ಸಮ, ಏರಿಲ್ಲ ಇಳಿವಿಲ್ಲ,
ಅಲ್ಲಿ ನಾನು ಎರಡನೇ ಗೇರಿಗೆ ಇಳಿಯುತ್ತೇನೆ.
‘ಎಂಜಿನ್ ಏನಾದರೂ?’ ಅಂತಾರೆ ಪ್ರಯಾಣಿಕರು.
ಹಾರ್ನ್ ಹೊಡೆಯುತ್ತೇನೆ, ಎರಡು ಸಲ,
ಬಲಗಡೆಯಿಂದ ಎಡಗಡೆಗೆ
ಅವಳ ಗೋಡೆಯ ಮೇಲೆ ನಿಧಾನ ದಾಟುತ್ತಾ.