ಪಾಳಿ ಹಾಸಿಗೆ

ಮಂಗಾಫ್, ಜನವರಿ. ನಸುಕಿನ ಐದು.
ಅವನು ಏಳುತ್ತಾನೆ, ನಾನು ಮಲಗುತ್ತೇನೆ.
ಒಂದೇ ಮಂಚ, ಎರಡು ಪಾಳಿ.

ಇವತ್ತು ಹಾಸಿಗೆ ಎಂದಿಗಿಂತ ಬೆಚ್ಚಗಿದೆ.

"ಜ್ವರವೇನೋ, ಫಕೀರಪ್ಪ?"
"ಏನಿಲ್ಲೋ, ಬರೇ ನೆಗಡಿ" ಅಂದವನು
ಮೂಗಿಗೆ ಮಫ್ಲರ್ ಸುತ್ತಿ ಬಸ್ಸಿಗೆ ಓಡಿದ.
ಕಂಪನಿಯ ಸೂಜಿ ಪುಕ್ಕಟೆಯೇ;
ಸಾಲಿನಲ್ಲಿ ನಿಂತರೆ ಮಾತ್ರ
ಅರ್ಧ ದಿನದ ಕೂಲಿ ಖೋತಾ.

ದಿಂಬು ಮಗುಚಿ ಹಾಕಿದೆ. ನಿದ್ದೆ ಬರಲಿಲ್ಲ.
ಮೇಲಿನ ಮಂಚದ ಹಸನಬ್ಬ ಇಳಿದು ಬಂದು
ಮೆಣಸು, ಶುಂಠಿ, ಓಲೆಬೆಲ್ಲ ಕುದಿಸಿ
ಆರು ಲೋಟಕ್ಕೆ ಹೊಯ್ದ.
"ಒಬ್ಬ ಸೀನಿದರೆ ಆರು ಜನ ಕುಡಿಯಬೇಕು ಮಾರಾಯ."
ಗಂಟಲು ಉರಿಯಿತು. ಕುಡಿದೆ.

ಬೆಳಕು ಹರಿದ ಮೇಲೆ
ಜೂನಿನಲ್ಲಿ ಶಪಿಸಿದ ಅದೇ ಬಿಸಿಲನ್ನು ಹುಡುಕಿಕೊಂಡು
ಕಂಬಳಿ ಹೊತ್ತು ತಾರಸಿಗೆ ಹೋದರೆ,
ಹಗ್ಗದಲ್ಲಿ ಜಾಗವಿರಲಿಲ್ಲ.