ನಲವತ್ತೊಂದು

ಕಮಠಾಣದ ಮಣ್ಣು ಕೆಂಪು, ಮೈತುಂಬ ಕಬ್ಬಿಣ.
ಮಷೀನು ಚಾಲೂ ಮಾಡಿದ್ರ ಸಾಕು,
ಹಸಿದ ಕೂಸಿನಂಗ ಸುಮ್ಮಸುಮ್ನ ಅಳತದ.
ತಟ್ಟಿ ಕೆಳಗ ತಂದು, ಮ್ಯಾಲ ಎತ್ತಿ,
ಕೆಳಗ ತಂದು, ಮ್ಯಾಲ ಎತ್ತಿ,
ನೆಲಕ್ಕೂ ಅದಕ್ಕೂ ಒಂದು ರಾಜಿ ಮಾಡಿಸಿದೆ.
ಆಮ್ಯಾಲ ಕೇಳಿದೆ: ಏನು ಕಳಕೊಂಡೀರಿ?

"ಉಂಗುರ. ನಮ್ಮ ಮನ್ಯಾಗಿನವರದು."
"ಎಷ್ಟು ತೂಕ?"
"ನಾಲ್ಕು ಗ್ರಾಮು. ಮ್ಯಾಲ ಶಿಲುಬಿ ಕೆತ್ತ್ಯಾರ."
ಸುವಾರ್ತಮ್ಮ ತನ್ನ ಬೆರಳಿಂದು ಬಿಚ್ಚಿ ಕೊಟ್ಟಳು,
ಮಂಗಲಪೇಟಿ ಚರ್ಚಿನಾಗ ಒಂದೇ ದಿನ ಹಾಕಿದ ಜೋಡಿ.
ನೆಲದ ಮ್ಯಾಲ ಇಟ್ಟು ತಟ್ಟಿ ಆಡಿಸಿದೆ.
ಐವತ್ತೆರಡು.
ದುಂಡಗಿನ ದನಿ, ಹೋಗ್ತಾ ಬರ್ತಾ ಒಂದೇ.
ಇಷ್ಟು ಸಿಕ್ಕರ ಆತು, ಹುಡುಕೋಣು ಅಂದೆ.

ಬಂಗಾರ ತನ್ನ ಹೆಸರು ಹೇಳಂಗಿಲ್ಲ.
ಮೊಳಿ ಹೇಳತದ, ಹರಕು ದನೀಲೆ.
ತಾಮ್ರ ಬೆಳ್ಳಿ ಎಂಬತ್ತರ ಮ್ಯಾಲ ಕುಂತು ಗಂಟಿ ಹೊಡೀತಾವ.
ಬಂಗಾರ ಮಾತ್ರ ನಡುವಿನ ಸಂದ್ಯಾಗ,
ಗುಟ್ಕಾ ಚೀಟಿ, ಗುಳಗಿ ಹಾಳಿ, ಬೀರ್ ಡಬ್ಬಿಯ ಕಿವಿ
ಇವರ ಪಂಕ್ತಿಯೊಳಗೇ ಕುಂತು ಉಣ್ಣತದ.

ರೇಡಿಯೊ ರಿಪೇರಿ ನಿಂತ ಮ್ಯಾಲ ಸುರು ಮಾಡಿದ ಡೈರಿ ಒಂದದ:
ಮೂಗಬಟ್ಟು, ಮೂವತ್ತರ ಕೆಳಗ, ಒಮ್ಮೊಮ್ಮೆ ಏನೂ ಇಲ್ಲ.
ಸರ, ಎಷ್ಟು ಉದ್ದ ಇದ್ರೂ ಒಂದು ಕೊಂಡಿಯಷ್ಟೇ ಮಾತು.
ಬೋರಮಾಳ ಹರಿದಿದ್ರ ದೇವರೇ ಗತಿ.
ನಲವತ್ತೊಂದು, ಗುಟ್ಕಾ. ದಾಟಿ ಹೋಗು.

ಬಾವಿ ದಾರಿ ಹಿಡಿದು ಮಧ್ಯಾಹ್ನದ ತನಕ ತೂಗಿದೆ.
ಐವತ್ತು ಎರಡು ಸಲ ಕೂಗಿತು,
ಒಂದು ಡಬ್ಬಿಯ ಕಿವಿ, ಒಂದು ಯಾರದೋ ಪ್ಯಾಂಟಿನ ಜಿಪ್ಪು.
ನಲವತ್ತೊಂದು ಹೆಜ್ಜಿಗೊಂದು.
ದಾಟಿದೆ. ದಾಟಿದೆ.
ಸುವಾರ್ತಮ್ಮ ಹಿಂದ ಹಿಂದ ಬಂದಳು,
ಕೈಯಾಗ ನೀರಿನ ತಂಬಗಿ, ಬಾಯಾಗ ಮಾತಿಲ್ಲ.

ಬೇವಿನ ಗಿಡದ ಕೆಳಗ ರೊಟ್ಟಿ ಬಿಚ್ಚುವಾಗ ಅಂದಳು:
"ವೈಜಿನಾಥಪ್ಪ, ಉಂಗುರ ಕತ್ತರಿಸಿದ್ದಿದ್ರ
ನಿಮ್ಮ ಮಷೀನಿಗಿ ಗೊತ್ತಾಗತದೇನು?"

ಕೈಯಾಗಿನ ತುತ್ತು ಅಲ್ಲೇ ನಿಂತಿತು.

ಬೀದರಿನ ದೊಡ್ಡ ದವಾಖಾನ್ಯಾಗ
ತಿಮೋತಿಯ ಬೆರಳು ಬಾತು ಗಜ್ಜರಿಯಂಗಾಗಿದ್ದವು.
ಸಾಬಣ ಹಚ್ಚಿದರು, ದಾರ ಸುತ್ತಿದರು, ಬರಲಿಲ್ಲ.
ಮೂವತ್ತೊಂದು ವರ್ಷ ಬಿಚ್ಚದ್ದನ್ನ
ನರ್ಸಮ್ಮ ಸಣ್ಣ ಗರಗಸ ತಂದು ಕೊಯ್ದಳು.
ಸೆರಗಿಗಿ ಗಂಟು ಹಾಕ್ಕೊಂಡು ಒಬ್ಬಾಕಿನೇ ಮನಿಗಿ ಬಂದದ್ದು.
ಗಂಟು ಎಲ್ಲಿ ಬಿಚ್ಚಿತೋ.

"ಮೊದಲೇ ಹೇಳಬಾರದೇನ್ರೀ?"
"ನೀವು ತೂಕ ಕೇಳಿದ್ರಿ."

ಮುಚ್ಚಿದ ದುಂಡಿನೊಳಗ ಕರೆಂಟು ಸುತ್ತು ಹೊಡೀತದ,
ಅದಕ್ಕೇ ಐವತ್ತೆರಡು.
ಕೂದಲೆಳಿಯಷ್ಟು ಬಾಯಿ ಬಿಟ್ಟರೂ ಓಡಲಿಕ್ಕ ದಾರಿ ಇಲ್ಲ.
ಬಂಗಾರ ಅಷ್ಟೇ ಇರತದ, ದನಿ ಇಳೀತದ.
ಇದು ನನಗ ಗೊತ್ತಿತ್ತು. ಕೇಳೂದು ಗೊತ್ತಿರಲಿಲ್ಲ.

ಹೊಳ್ಳಿ ಬಾವಿಯಿಂದ ಸುರು ಮಾಡಿದ್ವಿ.
ಪ್ರತಿ ನಲವತ್ತೊಂದಕ್ಕೂ ಕುಕ್ಕರಗಾಲಿಲೆ ಕುಂತು ಕೆದರಿದ್ವಿ.
ಗುಟ್ಕಾ. ಗುಟ್ಕಾ. ಗುಳಗಿ ಹಾಳಿ. ಗುಟ್ಕಾ.
ಚಾಕಲೇಟಿನ ಬೆಳ್ಳಿ ಕಾಗದ, ಯಾವ ಕೂಸಿಂದೋ.
ಸುವಾರ್ತಮ್ಮನ ಉಡಿ ಕಸದಿಂದ ತುಂಬಿತು.
ಹೊತ್ತು ಮುಣಗೂ ಮುಂದ, ಅರವತ್ತನೇದೋ ಎಪ್ಪತ್ತನೇದೋ,
ಮುರಂ ಹೆಂಟಿ ಒಡೆದರ
ಬಾಯಿ ತಕ್ಕೊಂಡು ಬಿದ್ದಿತ್ತು.

ಅಂಗಿಗಿ ಒರೆಸಿದೆ.
ಅಭ್ಯಾಸ ನೋಡ್ರಿ, ಎರಡು ಬೆರಳಾಗ ಹಿಡಿದು
ಬಾಯಿ ಮುಚ್ಚಿಸಿ ತಟ್ಟಿಗಿ ತೋರಿಸೋಣು ಅಂದೆ,
ಐವತ್ತೆರಡು ಬರತದೇನೋ ಅಂತ.
ಆಕಿ ಕೈ ಹಿಡಿದಳು.
"ಅದುಮಬ್ಯಾಡ್ರಿ. ಅದು ಅವರ ಕಡೀ ದಿನದ ಅಳತಿ."

ಮುನ್ನೂರು ಕೊಡಲಿಕ್ಕ ಬಂದಳು. ನೂರು ತೊಗೊಂಡೆ, ಪೆಟ್ರೋಲಿಗಿ.
ಡೈರಿಯಾಗ 'ದಾಟಿ ಹೋಗು' ಗೀಚಿ ಹಾಕಿ,
ಆ ಜಾಗಾದಾಗ ಏನು ಬರೀಬೇಕು ತಿಳೀದೆ
ಗಾಡಿ ಮ್ಯಾಲ ಕುಂತಿದ್ದೆ.

ಹೋದ ಬ್ಯಾಸಗಿ, ಹಳ್ಳಿಖೇಡದ ಜಗದೇವಿ,
ಕಿವಿ ರಿಂಗು ಕಳಕೊಂಡಾಕಿ.
ಒಂದು ದಿನ ಪೂರ್ತಿ ತೂಗಿ 'ಇಲ್ಲಿಲ್ಲ ತಂಗಿ' ಅಂದು ಬಂದಿದ್ದೆ.
ಕಿವಿ ರಿಂಗಿಗಿ ಮೊದಲಿಂದನೂ ಬಾಯಿ ಇರತದ.
ಫೋನು ತೆಗೆದು ಆಕಿ ನಂಬರು ಹುಡುಕಿದೆ.