ತಡವಾಗಿ ಬೀಳುವ ಹೆಜ್ಜೆ

ಲಿಂಗರಾಜಪುರದ ರೈಲು ಹಳಿಯ ಪಕ್ಕ
ನಮ್ಮ ಅಂಗನವಾಡಿ. ಗೂಡ್ಸ್ ಗಾಡಿ ಬಂದರೆ
ಗೋಡೆಯ ಮೇಲೆ 'ಅ' ಪಕ್ಕದ ಅಳಿಲೂ ನಡುಗುತ್ತದೆ.

ವಾದ್ಯ ಅಂದರೆ ಇಷ್ಟೇ:
ಹಾಲಿನ ಪುಡಿಯ ಖಾಲಿ ಡಬ್ಬ, ಪುಟ್ಟಲಿಂಗಮ್ಮನ ಸೌಟು,
ಹೆಸರುಕಾಳು ತುಂಬಿದ ನೀರಿನ ಬಾಟಲಿ ಹನ್ನೊಂದು.
ಹನ್ನೆರಡನೆಯದನ್ನು ಇಲಿ ಕಡಿಯಿತು.

ಡಬ್ ಅಂದರೆ ಹೆಜ್ಜೆ, ಡಬ್ ಡಬ್ ಅಂದರೆ ಕುಪ್ಪಳಿಸು,
ಸದ್ದು ನಿಂತರೆ ಕಲ್ಲಾಗು.
ತೌಸೀಫ್ ಕಲ್ಲಾಗಿಯೂ ಮೂಗು ತುರಿಸುತ್ತಾನೆ.
ಜೆಸಿಂತಾ ಮಾತ್ರ
ಎಲ್ಲರ ಕಾಲೂ ಬಿದ್ದ ಮೇಲೆ
ತನ್ನದೊಂದು ಇಡುತ್ತಾಳೆ,
ನೆಲ ಇದೆಯೋ ಇಲ್ಲವೋ ಎಂದು ಕೇಳುವ ಹಾಗೆ.

'ಮಿಸ್, ನಾಲ್ಕು ತುಂಬಿತು' ಅನ್ನುತ್ತಾಳೆ ಅವಳಮ್ಮ
ಮೂರು ಮನೆಯ ಪಾತ್ರೆ ಮುಗಿಸಿ ಬಂದು,
ಚಪ್ಪಲಿ ಬಿಡದೆ, ಬಾಗಿಲಲ್ಲೇ.

ಮೇಲ್ವಿಚಾರಕಿಯ ಪಟ್ಟಿಯಲ್ಲಿ ಒಂದು ಕಾಲಂ:
ಒಂಟಿಕಾಲಲ್ಲಿ ನಿಲ್ಲುತ್ತದೆಯೇ ಮಗು? ಎಷ್ಟು ಎಣಿಕೆ?
ಮೂರು ತಿಂಗಳು ಅಲ್ಲಿ ಅಡ್ಡಗೆರೆ ಎಳೆದೆ.

ಮೊನ್ನೆ ನನಗೆ ಮೊಣಕೈ ನೋವು. ಸೌಟು ತಡವಾಗಿ ಬಿತ್ತು.
ಬಿದ್ದದ್ದು ಸರಿಯಾಗಿ ಅವಳ ಪಾದದ ಜೊತೆಗೆ.
ತಲೆಯೆತ್ತಿದಳು,
ಯಾರೋ ಹೆಸರು ಹಿಡಿದು ಕರೆದಂತೆ.

ಅಂದಿನಿಂದ ಡಬ್ಬ ಅವಳಿಗಾಗಿ ಕಾಯುತ್ತದೆ.
ಉಳಿದ ಹತ್ತು ಮಂದಿ ಎತ್ತಿದ ಕಾಲು ಎತ್ತಿದಂತೆಯೇ
ಓಲಾಡುತ್ತ, ಗೊಣಗುತ್ತ,
ಒಬ್ಬರ ಅಂಗಿ ಒಬ್ಬರು ಹಿಡಿದು ಕಾಯುತ್ತಾರೆ.
ಹೀಗೆ ಕಾದೂ ಕಾದೂ
ಒಂಟಿಕಾಲಲ್ಲಿ ನಿಲ್ಲುವುದು
ಹತ್ತೂ ಮಕ್ಕಳಿಗೆ ಬಂದೇಬಿಟ್ಟಿತು.

ಜೆಸಿಂತಾಗೆ?
ಇವತ್ತು ಎರಡು ಎಣಿಸಿದೆ.
ಮೂರಕ್ಕೆ ಗೂಡ್ಸ್ ಗಾಡಿ ಬಂತು,
ಅವಳು ಇನ್ನೂ ನಿಂತೇ ಇದ್ದಳು,
ನಾನು ಎಣಿಕೆ ತಪ್ಪಿದೆ.